ಒಂದೇ ಹಾಸು, ಎರಡು ಕಾಯಿದೆ

ಬೇಸಿಗೆ ರಜೆಯಲ್ಲಿ ‘ಬಿಸಿನೆಸ್’ ಆಟ ಆಡದ ಮನೆ ಕಡಿಮೆ. ಅದನ್ನು ಕೊನೆಯವರೆಗೂ ಆಡಿ ಮುಗಿಸಿದ ಮನೆ ಇನ್ನೂ ಕಡಿಮೆ. ಮೊದಲ ಅರ್ಧ ಗಂಟೆ ಎಲ್ಲರಿಗೂ ಹುರುಪು. ಮುಂಬೈ ನನಗೆ, ದೆಹಲಿ ನಿನಗೆ ಎಂದು ಊರುಗಳು ಮಾರಾಟವಾಗುತ್ತವೆ. ಆಮೇಲೆ ಒಬ್ಬನ ಮುಂದೆ ನೋಟಿನ ಕಂತೆ ಬೆಳೆಯತೊಡಗುತ್ತದೆ, ಉಳಿದವರು ದಾಳ ಹಾಕುವುದೇ ಬಾಡಿಗೆ ಕಟ್ಟುವುದಕ್ಕೆ ಎಂಬಂತಾಗುತ್ತದೆ. ಯಾರಿಗೋ ಹಸಿವಾಗುತ್ತದೆ, ಇನ್ಯಾರಿಗೋ ಅಳು ಬರುತ್ತದೆ, ಹಾಸು ಮಡಚಿಕೊಂಡು ಡಬ್ಬಿ ಸೇರುತ್ತದೆ. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂದು ದೊಡ್ಡವರು ಗೊಣಗುವುದುಂಟು. ಆದರೆ ತಪ್ಪು ಮಕ್ಕಳದ್ದಲ್ಲ. ಈ ಆಟದ ಮೂಲವನ್ನು ಕಟ್ಟಿದಾಕೆಗೆ ಬೇಕಿದ್ದದ್ದೇ ಅದು. ಆಡುವವರಿಗೆ ಬೇಸರ ಬರಬೇಕು, ಸಿಟ್ಟು ಬರಬೇಕು, ಇದೆಂಥ ಅನ್ಯಾಯದ ಆಟ ಅನ್ನಿಸಬೇಕು. ಅನ್ನಿಸಿದ ಮೇಲೆ ಅದೇ ಹಾಸಿನ ಮೇಲೆ ಬೇರೆ ಕಾಯಿದೆ ಹಾಕಿಕೊಂಡು ಇನ್ನೊಮ್ಮೆ ಆಡಬೇಕು.

ಆಕೆಯ ಹೆಸರು ಎಲಿಜಬೆತ್ ಮ್ಯಾಗಿ. 1866ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವಳು, ಪತ್ರಿಕೆ ನಡೆಸುತ್ತಿದ್ದವನ ಮಗಳು, ಹೊಟ್ಟೆಪಾಡಿಗೆ ಶೀಘ್ರಲಿಪಿಗಾರ್ತಿ. ಟೈಪ್‌ರೈಟರಿಗೆ ಕಾಗದ ಸುಲಭವಾಗಿ ಸರಿಯುವಂತೆ ಮಾಡುವ ಒಂದು ಸಲಕರಣೆಗೂ ಪೇಟೆಂಟ್ ಪಡೆದಿದ್ದಳು. ಹೆಣ್ಣುಮಗಳೊಬ್ಬಳು ತನ್ನ ದುಡಿಮೆಯಿಂದ ಮರ್ಯಾದೆಯಾಗಿ ಬದುಕಲು ಆಗದ ಕಾಲ ಇದು ಎಂದು ತೋರಿಸಲು 1906ರಲ್ಲಿ ಪತ್ರಿಕೆಯೊಂದರಲ್ಲಿ ತನ್ನನ್ನೇ ‘ಗುಲಾಮಳು ಮಾರಾಟಕ್ಕಿದ್ದಾಳೆ’ ಎಂದು ಜಾಹೀರಾತು ಕೊಟ್ಟು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದಳು. ಇಂಥ ಗಟ್ಟಿಗಿತ್ತಿಗೆ 1904ರ ಜನವರಿ 5ರಂದು ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಆಟದ ಪೇಟೆಂಟ್ ಸಿಕ್ಕಿತು. ಇಂದು ಜಗತ್ತೆಲ್ಲ ಮೊನಾಪಲಿ ಎಂದು ಕರೆಯುವ, ನಮ್ಮಲ್ಲಿ ಬಿಸಿನೆಸ್ ಎಂಬ ಹೆಸರಿನಲ್ಲಿ ಬೇರೂರಿರುವ ಆಟದ ಅಜ್ಜಿ ಅದು.

ಮ್ಯಾಗಿಯ ತಲೆಯಲ್ಲಿ ಕೂತಿದ್ದವನು ಹೆನ್ರಿ ಜಾರ್ಜ್. ಕಾಲೇಜಿನ ಮೆಟ್ಟಿಲು ಹತ್ತದೆ ಅರ್ಥಶಾಸ್ತ್ರ ಬರೆದು 1879ರಲ್ಲಿ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ ಎಂಬ ಪುಸ್ತಕದಿಂದ ಲಕ್ಷಾಂತರ ಓದುಗರನ್ನು ಗಳಿಸಿದವನು. 1886ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಗೆ ನಿಂತು ಸೋತರೂ, ಮುಂದೆ ಅಧ್ಯಕ್ಷನಾಗಲಿದ್ದ ಥಿಯೊಡೋರ್ ರೂಸ್‌ವೆಲ್ಟ್‌ನನ್ನು ಮೂರನೆಯ ಸ್ಥಾನಕ್ಕೆ ತಳ್ಳಿದವನು. ಅವನ ಪ್ರಶ್ನೆ ಸರಳ: ರೈಲು ಬಂತು, ಕಾರ್ಖಾನೆ ಬಂತು, ಸಂಪತ್ತು ಹತ್ತು ಪಟ್ಟಾಯಿತು, ಹಾಗಿದ್ದೂ ದುಡಿಯುವವನ ಬಡತನ ಏಕೆ ಹೋಗಲಿಲ್ಲ? ಊರು ಬೆಳೆದಂತೆ ನೆಲದ ಬೆಲೆ ಬೆಳೆಯುತ್ತದೆ, ಆ ಬೆಳವಣಿಗೆಯ ಲಾಭವೆಲ್ಲ ಬಾಡಿಗೆಯ ರೂಪದಲ್ಲಿ ನೆಲದ ಒಡೆಯನ ಜೇಬು ಸೇರುತ್ತದೆ ಎಂಬುದು ಅವನು ಕಂಡುಕೊಂಡ ಉತ್ತರ.

ಇದನ್ನು ಬೆಂಗಳೂರಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಊರಾಚೆ ಒಂದು ಖಾಲಿ ಸೈಟು ಕೊಂಡು, ತಂತಿಬೇಲಿ ಹಾಕಿ, ಹತ್ತು ವರ್ಷ ಅತ್ತ ತಲೆ ಹಾಕದವನನ್ನು ನೋಡಿ. ಅವನು ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ. ಈ ನಡುವೆ ಸರ್ಕಾರ ರಸ್ತೆ ಮಾಡಿತು, ಪಕ್ಕದವರು ಮನೆ ಕಟ್ಟಿದರು, ಯಾರೋ ಶಾಲೆ ತೆರೆದರು, ಮೆಟ್ರೊ ನಿಲ್ದಾಣ ಬರುತ್ತದೆಂದು ಪತ್ರಿಕೆಯಲ್ಲಿ ಬಂತು. ಬೆಲೆ ಏರಿಸಿದವರು ಊರಿನವರು, ಏರಿದ ಬೆಲೆ ಎಣಿಸಿಕೊಂಡವನು ಬೇಲಿ ಹಾಕಿದವನು. ಜಾರ್ಜ್ ಹೇಳಿದ್ದು ಇಷ್ಟೆ: ಆ ಏರಿಕೆಯನ್ನು ಕರವಾಗಿ ಸಾರ್ವಜನಿಕ ಖಜಾನೆಗೆ ತೆಗೆದುಕೊಳ್ಳಿ, ಅದೊಂದೇ ಕರ ಸಾಕು. ದುಡಿಮೆಯ ಮೇಲೆ, ಕಟ್ಟಡದ ಮೇಲೆ, ವ್ಯಾಪಾರದ ಮೇಲೆ ಕರ ಬೇಡ. ಮನೆಗೆ ಕರ ಹಾಕಿದರೆ ಜನ ಕಡಿಮೆ ಮನೆ ಕಟ್ಟಿಯಾರು, ಆದರೆ ನೆಲಕ್ಕೆ ಕರ ಹಾಕಿದರೆ ನೆಲ ಕಡಿಮೆಯಾಗುವುದಿಲ್ಲವಲ್ಲ. ಕರಗಳನ್ನು ಕಂಡರಾಗದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಕೂಡ ಇದ್ದುದರಲ್ಲಿ ಕಡಿಮೆ ಕೆಟ್ಟ ಕರ ಇದೇ ಎಂದು ಒಪ್ಪಿಕೊಂಡಿದ್ದ.

ಈ ವಾದವನ್ನು ಭಾಷಣದಲ್ಲಿ ಹೇಳಿದರೆ ಜನ ಆಕಳಿಸುತ್ತಾರೆ ಎಂಬುದು ಮ್ಯಾಗಿಗೆ ಗೊತ್ತಿತ್ತು. ಹಾಗಾಗಿ ಅದನ್ನು ಹಾಸಿನ ಮೇಲೆ ಇಳಿಸಿದಳು. ಚೌಕದ ಸುತ್ತ ಮನೆಗಳು, ನಾಲ್ಕು ರೈಲುಗಳು, ದೀಪದ ಕಂಪನಿ, ಒಂದು ಮೂಲೆಯಲ್ಲಿ ಸೆರೆಮನೆ, ಮತ್ತೊಂದರಲ್ಲಿ ಸಾರ್ವಜನಿಕ ಉದ್ಯಾನ ಮತ್ತು ಬಡವರ ಛತ್ರ. ಸುತ್ತು ಮುಗಿಸಿದವರಿಗೆ ಭೂಮಿತಾಯಿಯ ಮೇಲೆ ದುಡಿದ ಕೂಲಿಯೆಂದು ನೂರು ಡಾಲರ್. ಇವತ್ತಿನ ಮೊನಾಪಲಿಯಲ್ಲಿ ‘ಗೋ’ ದಾಟಿದರೆ ಸಿಗುವ 200ರ ಮೂಲ ಇದು. ಆದರೆ ಅಲ್ಲಿದ್ದ ದುಡಿಮೆಯ ಮಾತು ಈಗ ಇಲ್ಲ. ಅದು ಯಾವ ಪುಣ್ಯಕ್ಕೆ ಸಿಗುವ ಹಣವೆಂದು ಯಾರೂ ಕೇಳುವುದಿಲ್ಲ. ಅತಿಕ್ರಮ ಪ್ರವೇಶ ಮಾಡಿದವನು ಸೆರೆಮನೆಗೆ ಹೋಗಬೇಕಿತ್ತು. ಯಾರ ಜಾಗವದು? ದೂರದ ದೇಶದಲ್ಲಿ ಕೂತ ಸಿರಿವಂತ ದೊರೆಯೊಬ್ಬನ ಎಸ್ಟೇಟು. ವ್ಯಂಗ್ಯ ಮ್ಯಾಗಿಗೆ ಚೆನ್ನಾಗಿ ಬರುತ್ತಿತ್ತು.

ಮುಖ್ಯ ಸಂಗತಿ ಮುಂದಿದೆ. ಆಟಕ್ಕೆ ಆಕೆ ಎರಡು ಬಗೆಯ ನಿಯಮ ಕೊಟ್ಟಳು. ಮೊದಲನೆಯದು ನಮಗೆ ಗೊತ್ತಿರುವುದೇ: ಬಾಡಿಗೆ ಒಡೆಯನಿಗೆ, ಕೊನೆಗೆ ಉಳಿದವನು ಗೆದ್ದವನು. ಎರಡನೆಯದರಲ್ಲಿ ನೆಲದ ಬಾಡಿಗೆ ಒಡೆಯನಿಗೆ ಹೋಗದೆ ಖಜಾನೆಗೆ ಹೋಗುತ್ತದೆ. ಖಜಾನೆ ತುಂಬಿದಂತೆ ದೀಪದ ಕಂಪನಿ ಸಾರ್ವಜನಿಕರದ್ದಾಗುತ್ತದೆ, ಬಳಿಕ ಟ್ರಾಮು, ರೈಲು. ಸೆರೆಮನೆಗೆ ಕಳಿಸುತ್ತಿದ್ದ ಚೌಕ ಪುಕ್ಕಟೆ ಕಾಲೇಜಾಗುತ್ತದೆ. ಆಮೇಲೆ ತುಂಬಿದ ಹಣದಿಂದ ಎಲ್ಲರ ಕೂಲಿ ಏರುತ್ತದೆ. ಇಲ್ಲಿ ಗೆಲುವಿನ ಲೆಕ್ಕವೇ ಬೇರೆ. ಎಲ್ಲರಿಗಿಂತ ಕಡಿಮೆ ಹಣವಿದ್ದವನ ಕೈಯಲ್ಲಿ ಅದು ದುಪ್ಪಟ್ಟಾದಾಗ ಎಲ್ಲರೂ ಗೆದ್ದಂತೆ. ಹಾಸು ಅದೇ, ದಾಳ ಅದೇ, ಕೂತವರೂ ಅವರೇ. ಬದಲಾದದ್ದು ಒಂದು ಸಾಲಿನ ಕಾಯಿದೆ. ಮೊದಲ ಆಟದಲ್ಲಿ ಜಿಪುಣನಂತೆ ಕಂಡ ಸೋದರಮಾವ ಎರಡನೆಯದರಲ್ಲಿ ಉದಾರಿಯಾಗಿ ಕಾಣುತ್ತಾನೆ. ಅವನ ಸ್ವಭಾವ ಬದಲಾಗಿರುವುದಿಲ್ಲ.

ಸರ್ಕಾರದ ನೀತಿ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ನೇರವಾದ ದಾರಿಯನ್ನು ನಾನು ಕಂಡಿಲ್ಲ. ಒಂದೇ ನಿಯಮದಲ್ಲಿ ಆಡಿದರೆ ಆ ನಿಯಮ ಕಣ್ಣಿಗೆ ಬೀಳುವುದೇ ಇಲ್ಲ. ಸೋತವನು ತನ್ನ ಹಣೆಬರಹವನ್ನೋ ದಾಳವನ್ನೋ ಬೈದುಕೊಳ್ಳುತ್ತಾನೆ. ಎರಡು ನಿಯಮದಲ್ಲಿ ಆಡಿದಾಗ ಮಾತ್ರ ಬಾಡಿಗೆಯೂ ಬಡತನವೂ ಯಾರೋ ಬರೆದ ಸಾಲಿನಿಂದ ಬಂದದ್ದು ಎಂದು ತಿಳಿಯುತ್ತದೆ.

ಡೆಲವೇರ್ ರಾಜ್ಯದಲ್ಲಿ 1900ರಲ್ಲಿ ಹುಟ್ಟಿದ ಆರ್ಡೆನ್ ಎಂಬ ಪುಟ್ಟ ಊರು ಜಾರ್ಜ್‌ನ ತತ್ವದ ಮೇಲೆಯೇ ನಿಂತಿತ್ತು. ಅಲ್ಲಿ ನೆಲ ಊರಿನದು, ಮನೆ ಕಟ್ಟಿದವರದು. ಆ ಊರಲ್ಲಿ ಮ್ಯಾಗಿಯ ಆಟ ಮನೆಮನೆಯ ಆಟವಾಯಿತು. ಅಲ್ಲೇ ವಾಸವಿದ್ದ ಸ್ಕಾಟ್ ನಿಯರಿಂಗ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಅದನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಗೆ ಒಯ್ದು ವಿದ್ಯಾರ್ಥಿಗಳಿಗೆ ಆಡಿಸಿದರು. ವ್ಯಾಪಾರ ಕಲಿಸುವ ಶಾಲೆಯಲ್ಲಿ ಬಾಡಿಗೆದಾರರ ಪಾಠ! 1915ರಲ್ಲಿ ವಿಶ್ವವಿದ್ಯಾಲಯ ನಿಯರಿಂಗ್‌ರನ್ನು ಮನೆಗೆ ಕಳಿಸಿತು. ಆದರೆ ಅದಕ್ಕೆ ಕಾರಣ ಆಟವಲ್ಲ, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಅವರು ಎತ್ತಿದ ದನಿ. ವಿದ್ಯಾರ್ಥಿಗಳು ಬಟ್ಟೆಯ ಮೇಲೆ, ಹಲಗೆಯ ಮೇಲೆ ಹಾಸು ಬರೆದುಕೊಂಡು ಊರೂರಿಗೆ ಒಯ್ದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮೂರಿನ ಬೀದಿಗಳ ಹೆಸರು ಹಾಕಿದರು. ಹೀಗೆ ಕೈಯಿಂದ ಕೈಗೆ ಹೋಗುವಾಗ ಎರಡನೆಯ ನಿಯಮ ಎಲ್ಲೋ ಉದುರಿಹೋಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಕಳೆದುಕೊಂಡ ಚಾರ್ಲ್ಸ್ ಡ್ಯಾರೋ ಎಂಬಾತ ಪರಿಚಯದವರ ಮನೆಯಲ್ಲಿ ಈ ಆಟ ಕಲಿತು, ಅಂದವಾಗಿ ಬರೆಸಿ, ತನ್ನದೇ ಎಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. ಅಟ್ಲಾಂಟಿಕ್ ಸಿಟಿಯ ಹತ್ತಿರದ ಮಾರ್ವೆನ್ ಗಾರ್ಡನ್ಸ್ ಬಡಾವಣೆ ಅವನು ನಕಲು ಮಾಡಿಕೊಂಡ ಹಾಸಿನಲ್ಲಿ ‘ಮಾರ್ವಿನ್’ ಎಂದು ತಪ್ಪಾಗಿತ್ತು, ಆ ತಪ್ಪೂ ಹಾಗೇ ಅಚ್ಚಾಯಿತು. ನಕಲು ಹೊಡೆದವನನ್ನು ಹಿಡಿಯುವ ಮೇಷ್ಟ್ರುಗಳಿಗೆ ಈ ಸಾಕ್ಷಿ ಹೊಸದಲ್ಲ. ಮ್ಯಾಗಿ 1924ರಲ್ಲಿ ಪಡೆದಿದ್ದ ಇನ್ನೊಂದು ಪೇಟೆಂಟನ್ನು ಕಂಪನಿ 500 ಡಾಲರಿಗೆ ಕೊಂಡಿತು, ಗೌರವಧನದ ಮಾತಿಲ್ಲ. ಡ್ಯಾರೋ ಕೋಟ್ಯಧೀಶನಾದ. ಏಕಸ್ವಾಮ್ಯ ತಪ್ಪು ಎಂದು ತೋರಿಸಲು ಹುಟ್ಟಿದ ಆಟ ಏಕಸ್ವಾಮ್ಯದ ಸಂಭ್ರಮವಾಯಿತು. ನಮ್ಮ ಪರಮಪದದ ಹಾಸಿಗೂ ಹೀಗೇ ಆಯಿತು. ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು ಇದ್ದ ಆಟ ಇಂಗ್ಲೆಂಡಿಗೆ ಹೋಗಿ ಹೆಸರುಗಳನ್ನೆಲ್ಲ ಕಳಚಿಕೊಂಡು ಬರೀ ಹಾವು-ಏಣಿಯಾಗಿ ಮರಳಿತು.

ಉದುರಿದ್ದನ್ನು ಮತ್ತೆ ಹೊಲಿಯಲು ಹೊರಟವರಲ್ಲಿ ಒಬ್ಬರು ಸಾನ್‌ಫ್ರಾನ್ಸಿಸ್ಕೊದ ಅರ್ಥಶಾಸ್ತ್ರ ಪ್ರಾಧ್ಯಾಪಕ ರಾಲ್ಫ್ ಆನ್ಸ್‌ಪಾಕ್. 1973ರಲ್ಲಿ, ತೈಲ ದೇಶಗಳ ಕೂಟ ಜಗತ್ತಿನ ಕತ್ತು ಹಿಡಿದಿದ್ದ ವರ್ಷ, ಅವರು ‘ಆಂಟಿ-ಮೊನಾಪಲಿ’ ಎಂಬ ಆಟ ತಂದರು. ಅದರಲ್ಲಿ ಆಟ ಶುರುವಾಗುವ ಹೊತ್ತಿಗೇ ಹಾಸಿನ ತುಂಬ ಏಕಸ್ವಾಮ್ಯಗಳು ಕೂತಿರುತ್ತವೆ. ಅವನ್ನು ಕಾನೂನಿನ ಬಲದಿಂದ ಒಡೆಯುವುದು ಆಡುವವರ ಕೆಲಸ. ಪಾರ್ಕರ್ ಬ್ರದರ್ಸ್ ಆಕ್ಷೇಪ ಎತ್ತಿತು, ಜಗಳ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯದ ಆದೇಶದಂತೆ 1977ರಲ್ಲಿ ಸಾವಿರಾರು ಡಬ್ಬಿಗಳನ್ನು ಮಿನೆಸೋಟ ರಾಜ್ಯದ ಕಸದ ಗುಂಡಿಯಲ್ಲಿ ಹೂಳಲಾಯಿತು. ಮೇಷ್ಟ್ರು ಬಿಡಲಿಲ್ಲ. ಸಾಕ್ಷಿ ಹುಡುಕುತ್ತ ಹೋಗಿ ಮರೆತುಹೋಗಿದ್ದ ಮ್ಯಾಗಿಯನ್ನು ಅಗೆದು ತೆಗೆದರು, 1983ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋಗಿ ಗೆದ್ದರು. ಇಂದು ನಾವು ಈ ಕಥೆ ಹೇಳುತ್ತಿರುವುದೇ ಆ ಮೊಕದ್ದಮೆಯ ದೆಸೆಯಿಂದ.

ಸರಿ, ನಮ್ಮ ಪಿಯು ಕಾಲೇಜಿನ ಅರ್ಥಶಾಸ್ತ್ರದ ತರಗತಿಗೆ ಇದನ್ನು ತರುವುದು ಹೇಗೆ? ಹೊಸ ಆಟ ಕೊಳ್ಳಬೇಕಿಲ್ಲ. ಅಟ್ಟದ ಮೇಲಿನ ಡಬ್ಬಿ ಸಾಕು. ಲೆಕ್ಕಕ್ಕೆ ಅಮೆರಿಕದ ಮೂಲ ಮೊನಾಪಲಿಯ ಅಂಕಿಗಳನ್ನೇ ಇಟ್ಟುಕೊಳ್ಳೋಣ, ಏಕೆಂದರೆ ನಮ್ಮಲ್ಲಿ ಒಂದೊಂದು ಡಬ್ಬಿಯಲ್ಲಿ ಒಂದೊಂದು ಬೆಲೆ.

ಹಾಸಿನಲ್ಲಿ 40 ಚೌಕಗಳು. ಎರಡು ದಾಳದ ಸರಾಸರಿ ಗರ ಏಳು. ಅಂದರೆ ಸುತ್ತು ಮುಗಿಸಲು ಸರಾಸರಿ ಆರರ ಹತ್ತಿರ ಗರ ಬೇಕು, ಆಗ ಸಿಗುವ ಸಂಬಳ 200. ಗರವೊಂದಕ್ಕೆ ಸುಮಾರು 35 ಡಾಲರ್ ಕೂಲಿ ಎಂದುಕೊಳ್ಳಿ. ಎಲ್ಲಕ್ಕಿಂತ ದುಬಾರಿ ಬೀದಿ ಬೋರ್ಡ್‌ವಾಕ್‌ನ ಬೆಲೆ 400. ಖಾಲಿ ನೆಲದ ಬಾಡಿಗೆ 50, ಹೋಟೆಲು ಎದ್ದರೆ 2000. ಹತ್ತು ಸುತ್ತಿನ ಸಂಬಳ ಒಂದು ರಾತ್ರಿಯ ಬಾಡಿಗೆಗೆ ಹೋಯಿತು. ಎಲ್ಲಕ್ಕಿಂತ ಅಗ್ಗದ ಬೀದಿಯ ಬೆಲೆ 60, ಬಾಡಿಗೆ 2. ನೂರಕ್ಕೆ ಲೆಕ್ಕ ಹಾಕಿದರೆ ಬಡಬೀದಿಯ ನೆಲ ಮೂರು ಚಿಲ್ಲರೆ ತಂದರೆ ಸಾಹುಕಾರ ಬೀದಿಯ ನೆಲ ಹನ್ನೆರಡೂವರೆ ತರುತ್ತದೆ. ದುಡ್ಡಿದ್ದವನ ದುಡ್ಡು ಬೇಗ ಮರಿ ಹಾಕುತ್ತದೆ ಎಂಬ ಮಾತು ಇಲ್ಲಿ ಅಚ್ಚಾದ ಚೀಟಿಯಲ್ಲೇ ಇದೆ. ಮಕ್ಕಳಿಂದಲೇ ಈ ಲೆಕ್ಕ ಮಾಡಿಸಬೇಕು.

ಈಗ ಜಾರ್ಜ್‌ನ ಕರ ಹಾಕೋಣ. ಬೋರ್ಡ್‌ವಾಕ್‌ನ 2000ದಲ್ಲಿ ನೆಲದ ಪಾಲು 50, ಉಳಿದದ್ದು ಕಟ್ಟಿದವನ ಪಾಲು. ನೆಲದ ಪಾಲನ್ನು ಮಾತ್ರ ಖಜಾನೆಗೆ ಹಾಕಿಸಿ, ಕಟ್ಟಡದ ಪಾಲನ್ನು ಒಡೆಯನಿಗೇ ಬಿಡಿ. ಮೊದಲ ಕೆಲವು ಸುತ್ತಿನಲ್ಲೇ ಒಂದು ಬದಲಾವಣೆ ಕಾಣಬೇಕು: ಬೇಲಿ ಹಾಕಿ ಕಾಯುವುದರಲ್ಲಿ ಲಾಭವಿಲ್ಲ, ಮನೆ ಕಟ್ಟುವುದರಲ್ಲಿದೆ. ಆದರೆ ಚುರುಕು ಹುಡುಗಿಯೊಬ್ಬಳು ಎದ್ದು ‘ಸಾರ್, 2000ದಲ್ಲಿ 50 ಹೋದರೆ ಅವನಿಗೇನು ನಷ್ಟ?’ ಎಂದು ಕೇಳಿಯೇ ಕೇಳುತ್ತಾಳೆ. ಕೇಳಬೇಕು. ಒಂದೇ ಹೋಟೆಲು ಬಡಬೀದಿಯಲ್ಲಿ 250 ತರುತ್ತದೆ, ಬೋರ್ಡ್‌ವಾಕ್‌ನಲ್ಲಿ 2000 ತರುತ್ತದೆ. ಕಟ್ಟುವ ಖರ್ಚಿನ ಅಂತರ ಕಳೆದ ಮೇಲೂ ಉಳಿಯುವ ಈ ವ್ಯತ್ಯಾಸ ಇಟ್ಟಿಗೆಯದೇ, ಜಾಗದ್ದೇ? ನೆಲದ ಬೆಲೆಯನ್ನು ಕಟ್ಟಡದ ಬೆಲೆಯಿಂದ ಬಿಡಿಸುವುದು ಕಾಗದದ ಮೇಲೆ ಸುಲಭ, ಪಾಲಿಕೆಯ ಕಚೇರಿಯಲ್ಲಿ ತಲೆನೋವು. ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ನಗರ 1913ರಿಂದ ಕಟ್ಟಡಕ್ಕಿಂತ ನೆಲಕ್ಕೆ ಹೆಚ್ಚು ದರದ ಕರ ಹಾಕುತ್ತಿತ್ತು. 2001ರಲ್ಲಿ ನೆಲದ ಬೆಲೆಗಳನ್ನು ಹೊಸದಾಗಿ ಕಟ್ಟಿದಾಗ ಹಲವರ ಕರ ಒಮ್ಮೆಲೇ ಜಿಗಿಯಿತು, ಕೂಗು ಎದ್ದಿತು, ನಗರ ಆ ಪದ್ಧತಿಯನ್ನೇ ಕೈಬಿಟ್ಟಿತು. ತತ್ವ ಸೋತದ್ದಕ್ಕಿಂತ ಹೆಚ್ಚಾಗಿ ಅಳತೆಗೋಲು ಸೋತಿತ್ತು.

ಹಣದುಬ್ಬರದ ಪಾಠಕ್ಕೆ ಈ ಆಟ ಇನ್ನೂ ಚೆನ್ನ, ಅದೂ ಅದರ ಕೊರತೆಯ ಕಾರಣಕ್ಕೆ. ಸಂಬಳವನ್ನು 200ರಿಂದ 400 ಮಾಡಿ ನೋಡಿ. ಎಲ್ಲರ ಕೈಯಲ್ಲೂ ನೋಟು. ಆದರೆ ನೆಲದ ಬೆಲೆ ಚೀಟಿಯ ಮೇಲೆ ಅಚ್ಚಾಗಿದೆ, ಬಾಡಿಗೆಯೂ ಅಚ್ಚಾಗಿದೆ, ಅವು ಏರುವಂತಿಲ್ಲ. ಹಾಗಾದರೆ ಹೆಚ್ಚಿದ ಹಣ ಎಲ್ಲಿ ಹೋಗುತ್ತದೆ? ಆಟಗಾರರು ತಮ್ಮತಮ್ಮಲ್ಲೇ ಊರು ಮಾರಿಕೊಳ್ಳುವಾಗ ಬೆಲೆ ಹುಚ್ಚುಹುಚ್ಚಾಗಿ ಏರುತ್ತದೆ. ಸರ್ಕಾರಿ ಬೆಲೆ ಒಂದು, ಕೈಬೆಲೆ ಇನ್ನೊಂದು. ರೇಷನ್ ಅಂಗಡಿಯನ್ನೂ ಕಾಳಸಂತೆಯನ್ನೂ ಬಲ್ಲ ನಮ್ಮ ಹಿರಿಯರಿಗೆ ಇದು ಹೊಸತಲ್ಲ, ಮಕ್ಕಳಿಗೆ ಹೊಸತು. ಬ್ಯಾಂಕಿನಲ್ಲಿ ಇರುವುದು 32 ಮನೆ, 12 ಹೋಟೆಲು ಮಾತ್ರ. ಮನೆ ಮುಗಿದು, ಬೇಡುವವರು ಹೆಚ್ಚಿದ್ದರೆ ಹರಾಜು ಹಾಕಬೇಕೆಂಬುದು ಮೂಲ ನಿಯಮ. ಅದನ್ನು ಓದಿದವರೇ ಅಪರೂಪ. ಒಬ್ಬ ತಾನು ಬಂದು ನಿಂತ ಊರನ್ನು ಕೊಳ್ಳದಿದ್ದರೆ ಅದನ್ನು ಕೂಡಲೇ ಹರಾಜಿಗಿಡಬೇಕೆಂಬ ನಿಯಮವೂ ಹಾಗೇ, ಮನೆಗಳಲ್ಲಿ ಲೆಕ್ಕಕ್ಕಿಲ್ಲ. ಹರಾಜು ಬಿಟ್ಟರೆ ಬೆಲೆ ಹುಟ್ಟುವ ಬಗೆಯೇ ಆಟದಿಂದ ಹೊರಹೋಯಿತು. ಇನ್ನೊಂದು ನಿಯಮದ ಪ್ರಕಾರ ಬ್ಯಾಂಕು ದಿವಾಳಿಯಾಗುವಂತಿಲ್ಲ. ನೋಟು ತೀರಿದರೆ ಬ್ಯಾಂಕರ್ ಯಾವುದೋ ಕಾಗದದ ಚೂರಿನ ಮೇಲೆ ಅಂಕಿ ಬರೆದು ಕೊಡಬಹುದು. ರಿಸರ್ವ್ ಬ್ಯಾಂಕಿನ ಬಗ್ಗೆ ಒಂದು ತಾಸು ಮಾತಾಡಲು ಇಷ್ಟು ಸಾಕು.

ದಂಡ, ತೆರಿಗೆಯ ಹಣವನ್ನೆಲ್ಲ ಹಾಸಿನ ನಡುವೆ ರಾಶಿ ಹಾಕಿ, ‘ಫ್ರೀ ಪಾರ್ಕಿಂಗ್’ಗೆ ಬಂದವನು ಎತ್ತಿಕೊಳ್ಳುವ ಪದ್ಧತಿ ಹಲವು ಕಡೆ ಇದೆ. ಇದು ಜನರೇ ಸೇರಿಸಿದ್ದು, ಕಂಪನಿಯ ನಿಯಮದಲ್ಲಿಲ್ಲ. ಅರ್ಥಶಾಸ್ತ್ರದ ಕಣ್ಣಿಂದ ನೋಡಿದರೆ ಇದು ಯಾರಿಗೆ ಬೇಕೆಂದು ಕೇಳದೆ ಹಂಚುವ ಸಹಾಯಧನ. ಮುಳುಗುತ್ತಿದ್ದವನಿಗೂ ಸಿಗಬಹುದು, ಮೂರು ಹೋಟೆಲು ಇದ್ದವನಿಗೂ ಸಿಗಬಹುದು. ಅದೇ ರಾಶಿಯನ್ನು ಅತಿ ಕಡಿಮೆ ಆಸ್ತಿಯವನಿಗೆ ಕೊಡುವ ನಿಯಮ ಮಾಡಿ, ಮತ್ತೊಮ್ಮೆ ಎಲ್ಲರಿಗೂ ಸಮ ಹಂಚುವ ನಿಯಮ ಮಾಡಿ, ಮೂರು ಗುಂಪಿನಲ್ಲಿ ಮೂರು ಬಗೆ ಆಡಿಸಿದರೆ ಗ್ಯಾರಂಟಿ ಯೋಜನೆಗಳ ಮೇಲೆ ಟಿವಿಯಲ್ಲಿ ನಡೆಯುವ ಅರಚಾಟಕ್ಕಿಂತ ಹೆಚ್ಚಿನದೇನೋ ಹೊಳೆದೀತು. ಯಾವುದರಲ್ಲಿ ಆಟ ಬೇಗ ಮುಗಿಯಿತು, ಯಾವುದರಲ್ಲಿ ಮನೆಗಳು ಹೆಚ್ಚು ಎದ್ದವು, ಯಾವುದರಲ್ಲಿ ಎದ್ದುಹೋದವರು ಕಡಿಮೆ ಎಂದು ಪ್ರತಿ ಸುತ್ತಿಗೂ ಬರೆದಿಡಬೇಕು. ಬರೆದಿಡದಿದ್ದರೆ ಇದು ಬರೀ ಆಟ.

ಆರಂಭದ ಸಮಾನತೆಯನ್ನು ಕೆಡಿಸುವುದು ಇನ್ನೊಂದು ಉಪಾಯ. ಮೊನಾಪಲಿಯ ದೊಡ್ಡ ಸುಳ್ಳು ಎಂದರೆ ಎಲ್ಲರಿಗೂ 1500 ಕೊಟ್ಟು ಶುರು ಮಾಡುವುದು. ಯಾವ ಊರಲ್ಲಿ ಹಾಗೆ ನಡೆಯುತ್ತದೆ? ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಪಿಫ್ ಇಬ್ಬಿಬ್ಬರನ್ನು ಕೂರಿಸಿ, ನಾಣ್ಯ ಚಿಮ್ಮಿ, ಒಬ್ಬನಿಗೆ ದುಪ್ಪಟ್ಟು ಹಣ, ದುಪ್ಪಟ್ಟು ಸಂಬಳ, ಎರಡು ದಾಳ ಕೊಟ್ಟರು. ಇನ್ನೊಬ್ಬನಿಗೆ ಒಂದೇ ದಾಳ. ನಾಣ್ಯ ಬಿದ್ದದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು. ಆದರೂ ಆಟ ಸಾಗಿದಂತೆ ಗೆಲ್ಲುತ್ತಿದ್ದವನ ದನಿ ಏರುತ್ತಿತ್ತು, ಕಾಯಿಯನ್ನು ಜೋರಾಗಿ ಕುಟ್ಟಿ ನಡೆಸುತ್ತಿದ್ದ. ಏಕೆ ಗೆದ್ದಿರಿ ಎಂದು ಕೇಳಿದರೆ ತಾನು ಯಾವ ಊರನ್ನು ಯಾವಾಗ ಕೊಂಡೆ ಎಂಬ ಜಾಣತನದ ಕಥೆ ಹೇಳುತ್ತಿದ್ದ. ಇದನ್ನು ತರಗತಿಯಲ್ಲಿ ಮಾಡುವಾಗ ಒಂದು ಎಚ್ಚರ ಬೇಕು. ಮಕ್ಕಳ ಮನೆಯ ಸ್ಥಿತಿಗೂ ಆಟದ ಪಾತ್ರಕ್ಕೂ ತಾಳೆ ಹಾಕಬಾರದು. ಚೀಟಿ ಎತ್ತಿಯೇ ಪಾತ್ರ ಹಂಚಬೇಕು. ಚೀಟಿ ಎತ್ತುವ ಮೊದಲು, ತನ್ನ ಪಾತ್ರ ಯಾವುದೆಂದು ಯಾರಿಗೂ ತಿಳಿಯದಾಗ, ಕರದ ನಿಯಮಕ್ಕೆ ಒಮ್ಮೆ ಮತ ಹಾಕಿಸಿ, ಆರು ಸುತ್ತು ಆದ ಮೇಲೆ ಇನ್ನೊಮ್ಮೆ ಹಾಕಿಸಿ. ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ದಪ್ಪ ಪುಸ್ತಕ ಬರೆದು ವಾದಿಸಿದ್ದು ಹೆಚ್ಚುಕಡಿಮೆ ಈ ಎರಡು ಮತಗಳ ನಡುವಿನ ಅಂತರದ ಬಗ್ಗೆಯೇ.

ಇಷ್ಟೆಲ್ಲ ಹೊಗಳಿದ ಮೇಲೆ ಆಟದ ಬಡತನವನ್ನೂ ಹೇಳಬೇಕು. ಇಲ್ಲಿ ಯಾರೂ ಏನನ್ನೂ ಬೆಳೆಯುವುದಿಲ್ಲ, ಮಾಡುವುದಿಲ್ಲ. ಒಬ್ಬನ ಲಾಭ ಇನ್ನೊಬ್ಬನ ನಷ್ಟ. ನಿಜವಾದ ಮಾರುಕಟ್ಟೆಯಲ್ಲಿ ಕೊಂಡವನಿಗೂ ಮಾರಿದವನಿಗೂ ಲಾಭವಾಗುವುದುಂಟು ಎಂಬ ಮೊದಲ ಪಾಠವೇ ಇದರಲ್ಲಿಲ್ಲ. ಸರ್ಕಾರವೆಂದರೆ ಬಾಯಿಲ್ಲದ ಬ್ಯಾಂಕು. ಬೇರೆ ಆರ್ಥಿಕತೆಗೆ ಬೇರೆ ಹಾಸು ಬೇಕಾಗುತ್ತದೆ ಎಂಬುದನ್ನು ಪೋಲೆಂಡಿನವರು ತೋರಿಸಿದರು. ಅಲ್ಲಿನ ರಾಷ್ಟ್ರೀಯ ಸ್ಮರಣೆಯ ಸಂಸ್ಥೆ 2011ರಲ್ಲಿ ‘ಕೊಲೇಯ್ಕ’, ಅಂದರೆ ‘ಸರತಿ ಸಾಲು’ ಎಂಬ ಆಟ ತಂದಿತು. ಕಮ್ಯುನಿಸ್ಟ್ ಕಾಲದ ಖಾಲಿ ಅಂಗಡಿಗಳ ಮುಂದೆ ಮನೆಮಂದಿಯನ್ನು ಸಾಲಿಗೆ ನಿಲ್ಲಿಸುವುದೇ ಅದರಲ್ಲಿ ಆಟ. ಕೈಯಲ್ಲಿ ಹಣವಿದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಸಾಮಾನು ಬರುತ್ತದೆಯೇ ಎಂಬುದೇ ಪ್ರಶ್ನೆ. ಪಕ್ಷದ ಕಚೇರಿಯಲ್ಲಿ ಪರಿಚಯದವರಿರುವ ಚೀಟಿ ಇದ್ದವನು ಮುಂದೆ ಯಾವ ಸಾಮಾನು ಬರಲಿದೆಯೆಂದು ಮೊದಲೇ ಇಣುಕಿ ನೋಡುತ್ತಾನೆ. ಕಂಕುಳಲ್ಲಿ ಕೂಸು ಇರುವ ತಾಯಿಯ ಚೀಟಿ ಇದ್ದರೆ ಸಾಲಿನ ಮೊದಲಿಗೇ. ಆ ಕಾಲವನ್ನು ಕಾಣದ ಮಕ್ಕಳಿಗೆ ಅಭಾವವೆಂದರೇನೆಂದು ತಿಳಿಸಲು ಯಾವ ಅಧ್ಯಾಯವೂ ಅಷ್ಟು ಚುರುಕಾಗಿ ಕೆಲಸ ಮಾಡಲಾರದು.

ನಮಗೆ ನಮ್ಮದೇ ಹಾಸು ಬೇಕೆಂದರೆ ನಾನು ಮಲಪ್ರಭೆಯ ಅಚ್ಚುಕಟ್ಟನ್ನು ಆರಿಸುತ್ತೇನೆ. ಏಕೆಂದರೆ ಹೆನ್ರಿ ಜಾರ್ಜ್‌ನ ತತ್ವ ಕರ್ನಾಟಕದ ನೆಲಕ್ಕೆ ಬಂದು ಗುಂಡಿನ ಸದ್ದಿನಲ್ಲಿ ಮುಗಿದದ್ದು ಅಲ್ಲಿ. ಸವದತ್ತಿ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. ಕಾಲುವೆ ಬಂದರೆ ಒಣಭೂಮಿಯ ಬೆಲೆ ಏರುತ್ತದೆ, ಏರಿಸಿದ್ದು ಸರ್ಕಾರದ ಹಣ, ಆದ್ದರಿಂದ ಏರಿಕೆಯ ಒಂದು ಪಾಲು ಸರ್ಕಾರಕ್ಕೆ ಬರಬೇಕು ಎಂದು ರೈತರ ಮೇಲೆ ಅಭಿವೃದ್ಧಿ ಕರ, ಜನರ ಬಾಯಲ್ಲಿ ಬೆಟರ್‌ಮೆಂಟ್ ಲೆವಿ, ಬಿತ್ತು. ತರ್ಕದಲ್ಲಿ ಒಂದು ಎಳೆಯೂ ತಪ್ಪಿಲ್ಲ. ಮ್ಯಾಗಿ ಓದಿದ್ದರೆ ತಲೆದೂಗುತ್ತಿದ್ದಳು. ಆದರೆ ನೀರು ಸರಿಯಾಗಿ ತಲುಪದ ಹೊಲಕ್ಕೂ ಕರದ ನೋಟಿಸು ತಲುಪಿತು. ನೀರು ಬಂದ ಕಡೆ ಎರೆಭೂಮಿ ಜೌಗು ಹಿಡಿದದ್ದುಂಟು. ಬೆಳೆಗೆ ಬೆಲೆ ಬಿದ್ದ ಹೊತ್ತಿನಲ್ಲಿ ಬಾಕಿ ವಸೂಲಿ ಶುರುವಾಯಿತು. ಬೆಂಗಳೂರಿನ ಸೈಟಿನವನು ಏರಿದ ಬೆಲೆಗೆ ಮಾರಿ ಹಣ ಎಣಿಸಿಕೊಳ್ಳಬಲ್ಲ. ಉಳುವವನು ಹೊಲ ಮಾರದೆ ಆ ಏರಿಕೆಯನ್ನು ಕಾಣಲಾರ. ಕಾಗದದ ಮೇಲೆ ಏರಿದ ಬೆಲೆಗೆ ಅವನು ಕೈಯಿಂದ ರೊಕ್ಕ ತೆರಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ ಅಲ್ಲಾಡಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯದ ಅಧಿಕಾರ ಕಳೆದುಕೊಂಡಿತು. ಇವತ್ತಿಗೂ ಆ ಕಡೆ ಜುಲೈ 21 ರೈತ ಹುತಾತ್ಮರ ದಿನ.

ಮೊನಾಪಲಿಯಲ್ಲಿ ಕರ ಬೀಳುವುದು ಕಾಯಿ ಆ ಚೌಕಕ್ಕೆ ಬಂದಾಗ, ಲೆಕ್ಕ ಎಲ್ಲರ ಕಣ್ಣೆದುರಿಗೆ. ಮಲಪ್ರಭೆಯಲ್ಲಿ ಜಗಳವಾದದ್ದೇ ಈ ಎರಡು ಸಂಗತಿಗಳ ಮೇಲೆ: ಯಾವಾಗ, ಮತ್ತು ಅಳೆಯುವವರು ಯಾರು. ಹಾಗಾಗಿ ತರಗತಿಯ ಹಾಸಿನಲ್ಲಿ ನಾನು ಸೇರಿಸುವುದು ಕಾಲುವೆಯ ಚೌಕಗಳನ್ನು. ದಾಳದಲ್ಲಿ ನಾಲ್ಕರ ಮೇಲೆ ಬಿದ್ದರೆ ನೀರು ಬಂತು, ಇಲ್ಲದಿದ್ದರೆ ಇಲ್ಲ. ಪ್ರತಿ ತಂಡವೂ ದಾಳ ಮುಟ್ಟುವ ಮೊದಲೇ ತನ್ನ ಲೆವಿಯ ನಿಯಮವನ್ನು ಮೂರು ಸಾಲಿನಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡಬೇಕು: ಕರ ನೀರಿಗೋ ನಕ್ಷೆಗೋ, ಬೆಳೆ ಮಾರಿದಾಗಲೋ ಹೊಲ ಮಾರಿದಾಗಲೋ, ಬೆಲೆ ಏರಿತೆಂದು ಹೇಳುವ ಅಧಿಕಾರಿ ಯಾವ ತಂಡದವನು. ಆಮೇಲೆ ನಿಯಮಗಳನ್ನು ಅದಲುಬದಲು ಮಾಡಿ, ಒಬ್ಬರು ಬರೆದದ್ದರಲ್ಲಿ ಇನ್ನೊಬ್ಬರು ಆಡಬೇಕು. ನಾಲ್ಕನೆಯ ಸುತ್ತಿಗೆ ಕರ ಕಟ್ಟಲಾಗದೆ ಯಾರಾದರೂ ಹೊಲ ಬಿಟ್ಟು ಎದ್ದರೆ ಆಟ ಅಲ್ಲೇ ನಿಲ್ಲಿಸಿ, ಆ ಸಾಲು ಬರೆದ ತಂಡವನ್ನು ಕರೆದು, ಎದ್ದವನ ಎದುರಿಗೇ ಅದನ್ನು ಗಟ್ಟಿಯಾಗಿ ಓದಿಸಬೇಕು.